ಮೂವರು ಡಾಕ್ಟರು, ಒಂದು ಚೊಂಬು

ಮೆಲ್ಬರ್ನ್ ಹತ್ತಿರದ ವೆರಿಬೀಯಲ್ಲಿ ಆಗಬೇಕಿದ್ದ ನಾಟಕ ನಿಂತುಹೋಯಿತು. ಯಾರದೋ ದೃಷ್ಟಿ ತಾಗಿತು ಎಂದರು ಕೆಲವರು. ದಾರಿಯಲ್ಲಿ ತಿಂದದ್ದು ಕೆಟ್ಟಿತ್ತು ಎಂದರು ಇನ್ನು ಕೆಲವರು. ಎರಡೂ ಸುಳ್ಳು. ಮೂವರು ಓದಿದ ಡಾಕ್ಟರುಗಳು ಒಂದೇ ಚೊಂಬಿಗೆ ಬಾಯಿಟ್ಟು ನೀರು ಕುಡಿದರು, ಮೂವರಿಗೂ ವಾಂತಿಭೇದಿ ಹತ್ತಿಕೊಂಡಿತು. ನಡೆದದ್ದು ಇಷ್ಟೇ. ಕಾಲರಾ ಕಾಲದ ಡಾಕ್ಟರುಗಳ ನಾಟಕ ಆಡಲು ಹೋಗಿ ತಾವೇ ಹೀಗೆ ಮಾಡಿಕೊಂಡರಲ್ಲ ಎಂದು ಜನ ಈಗಲೂ ನಗುತ್ತಾರೆ. ನಗಲಿ. ಆ ಮನೆಯಲ್ಲಿ ಬಕೆಟ್ ಎತ್ತಿದವಳು ನಾನು. ನಗುವವರು ಅಲ್ಲಿರಲಿಲ್ಲ.

ನನ್ನದು ಹೊಲಿಗೆ ಕೆಲಸ. ಸಿಡ್ನಿಯ ಮಾರ್ಸ್‌ಡನ್ ಪಾರ್ಕ್‌ನಲ್ಲಿ ಮಗಳ ಮನೆಯ ಗ್ಯಾರೇಜಿನಲ್ಲಿ ನನ್ನ ಮಷಿನ್ನು. ಕಾರು ಹೊರಗೆ ನಿಲ್ಲುತ್ತದೆ, ನಾನು ಒಳಗೆ ಕೂರುತ್ತೇನೆ. ಬ್ಲೌಸು, ಸೀರೆಗೆ ಫಾಲು, ಪ್ಯಾಂಟು ಗಿಡ್ಡ ಮಾಡುವುದು, ಇಂಥವೇ ಬರುವುದು. ಓದಿದ್ದು ನಾಲ್ಕನೇ ಕ್ಲಾಸು. ಅಳತೆ ಬರೆದುಕೊಳ್ಳುವುದಕ್ಕೆ ಅಷ್ಟು ಸಾಕಾಗಿದೆ.

ನಾಟಕ ಬರೆದವರು ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲ್‌ನಲ್ಲಿರುವ ಒಬ್ಬ ಸರ್ಜನ್ನರು. ರಿಟೈರ್ ಆಗಿ ಬಹಳ ಕಾಲವಾಯಿತು. ಅವರ ಮುತ್ತಾತ ಹಳೇ ಮೈಸೂರಿನ ಕಡೆಯ ಒಂದು ಊರಿನಲ್ಲಿ ಸರ್ಕಾರಿ ಡಾಕ್ಟರಾಗಿದ್ದರಂತೆ. ಆ ಊರಿಗೆ ಕಾಲರಾ ಬಂದಾಗ ದುಡ್ಡಿದ್ದವರೆಲ್ಲ ಗಾಡಿ ಕಟ್ಟಿಕೊಂಡು ಹೋದರು. ಉಳಿದವರನ್ನು ನೋಡಿಕೊಳ್ಳಲು ನಿಂತವರು ಮೂವರು: ಈ ಸರ್ಕಾರಿ ಡಾಕ್ಟರು, ಒಬ್ಬ ಆಯುರ್ವೇದದ ಪಂಡಿತರು, ಒಬ್ಬ ಹಕೀಮರು. ಅದುವರೆಗೆ ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಆಮೇಲೆ ಊರನ್ನು ಮೂರು ಪಾಲು ಮಾಡಿಕೊಂಡು ಬೀದಿಗೊಬ್ಬರಂತೆ ತಿರುಗಿದರು. ದಿನವೂ ಸಂಜೆ ಛತ್ರದ ಕಟ್ಟೆಯ ಹತ್ತಿರ ಮೂವರೂ ಬಂದು ನಿಲ್ಲಬೇಕು. ಯಾರಾದರೂ ಬರಲಿಲ್ಲವೆಂದರೆ ಅವರಿಗೂ ತಗಲಿದೆ ಎಂದೇ ಲೆಕ್ಕ. ಉಳಿದಿಬ್ಬರು ನೇರ ಅವರ ಮನೆಗೆ ಹೋಗುವುದು, ಅವರ ಬೀದಿಗಳನ್ನೂ ತಾವೇ ನೋಡುವುದು. ಒಂದು ಸಂಜೆ ಪಂಡಿತರು ಬರಲಿಲ್ಲ. ಹಕೀಮರು ಅವರ ಮಡಿಮನೆಯ ಒಳಗೇ ಹೋಗಿ ರಾತ್ರಿಯೆಲ್ಲ ಕಾಲು ತಿಕ್ಕುತ್ತಾ ಕೂತರಂತೆ. ಪಂಡಿತರು ಉಳಿಯಲಿಲ್ಲ. ಅವರ ಹೆಂಡತಿ ಮಕ್ಕಳನ್ನು ಆಮೇಲೆ ಉಳಿದ ಇಬ್ಬರೇ ಸಾಕಿದರು. ಕಥೆ ಇದು. ನನಗೆ ಹಿಡಿಸಿತು. ಬಟ್ಟೆ ಹೊಲಿಯಲು ಒಪ್ಪಿಕೊಂಡೆ.

ವೇಷಗಳು ಹೆಚ್ಚಿರಲಿಲ್ಲ, ಆದರೆ ಸುಲಭವೂ ಇರಲಿಲ್ಲ. ಸರ್ಕಾರಿ ಡಾಕ್ಟರಿಗೆ ಕತ್ತು ಮುಚ್ಚುವ ಉದ್ದನೆಯ ಕಪ್ಪು ಕೋಟು, ಹಿತ್ತಾಳೆ ಗುಂಡಿ, ಸರಿಗೆ ಪೇಟ. ಪಂಡಿತರಿಗೆ ಶಲ್ಯ, ಕಚ್ಚೆ ಪಂಚೆ. ಹಕೀಮರಿಗೆ ಮಂಡಿಯವರೆಗೆ ಬರುವ ಹಸಿರು ಕೋಟು. ಸೂಪರ್‌ಮಾರ್ಕೆಟ್ಟಿನವರು ಬಾಗಿಲಿಗೆ ಹಾಕುವ ಜಾಹೀರಾತು ಕಾಗದಗಳನ್ನು ಅಂಟಿಸಿ ನಮೂನೆ ಕತ್ತರಿಸಿಕೊಂಡೆ. ಕಾಲರು ನೆಟ್ಟಗೆ ನಿಲ್ಲಲಿ ಎಂದು ಬಖ್ರಮ್ಮಿನ ಗಟ್ಟಿ ಬಟ್ಟೆ ಎರಡು ಪದರ ಕೊಟ್ಟೆ, ಒಂದು ಪದರವಾದರೆ ದೀಪದ ಸೆಖೆಗೆ ಬಗ್ಗಿಹೋಗುತ್ತದೆ. ಮುದುಕರ ಬೆರಳು ಕಾಜಾ ಹುಡುಕುತ್ತಾ ಕೂರುತ್ತವೆಂದು ಗುಂಡಿಗಳನ್ನು ಮೇಲೆ ತೋರಿಕೆಗೆ ಹೊಲಿದು ಒಳಗೆ ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ ಹಾಕಿದೆ. ಪೇಟವನ್ನು ಪ್ರತಿಸಲ ಸುತ್ತುವ ಬದಲು ಟೋಪಿಯ ಮೇಲೆ ಸುತ್ತಿ ಟಾಕಾ ಹಾಕಿಬಿಟ್ಟೆ.

ಸರ್ಕಾರಿ ಡಾಕ್ಟರ ಪಾತ್ರ ಸರ್ಜನ್ನರೇ ಮಾಡುವುದು, ಹಕೀಮರ ಪಾತ್ರ ಅವರ ಹಳೆಯ ಸ್ನೇಹಿತರದು. ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಇಬ್ಬರೂ ಒಂದೇ ರೂಮಿನಲ್ಲಿದ್ದವರು. ಈ ಸ್ನೇಹಿತರು ವೆರಿಬೀಯಲ್ಲಿ ಜಿಪಿ, ಅಂದರೆ ಎಲ್ಲ ಕಾಯಿಲೆಗೂ ಮೊದಲು ನೋಡುವ ಡಾಕ್ಟರು, ಈಗಲೂ ವಾರದಲ್ಲಿ ಒಂದೆರಡು ದಿನ ಕ್ಲಿನಿಕ್ಕಿಗೆ ಹೋಗುತ್ತಾರೆ. ವೆರಿಬೀ ಡಾಕ್ಟರು ಎಂದೇ ಬರೆಯುತ್ತೇನೆ. ಅವರ ಅಳತೆಯನ್ನು ಅವರ ಹೆಂಡತಿ ತೆಗೆದು ನನ್ನ ಫೋನಿಗೆ ಕಳಿಸಿದ್ದರು. ಹೊಟ್ಟೆಯ ಅಳತೆ ಓದಿ ತಪ್ಪಿರಬೇಕೆಂದು ಫೋನ್ ಮಾಡಿದರೆ, "ತಪ್ಪಿಲ್ಲ ಅಮ್ಮ, ಉಸಿರು ಹಿಡಿದುಕೊಂಡು ನಿಂತಾಗ ತೆಗೆದದ್ದು" ಎಂದರು ಡಾಕ್ಟರು.

ರಿಹರ್ಸಲ್ ಭಾನುವಾರಗಳಲ್ಲಿ ಲಿವರ್‌ಪೂಲ್‌ನ ಸರ್ಜನ್ನರ ಮನೆಯ ಹಾಲಿನಲ್ಲಿ. ವೆರಿಬೀ ಡಾಕ್ಟರು ದೊಡ್ಡ ಟಿವಿಯ ಒಳಗಿಂದ ಮಾತಾಡುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಹೆಮ್ಮಿಂಗ್ ಮಾಡುತ್ತಿದ್ದೆ. ಪಂಡಿತರಾಗಿ ಕಣ್ಣಿನ ಡಾಕ್ಟರು ಒಬ್ಬರು. ಪಂಡಿತರ ಹೆಂಡತಿಯಾಗಿ ಮಕ್ಕಳ ಡಾಕ್ಟರಮ್ಮ. ಇಷ್ಟೇ ಮುಖ್ಯ ಜನ.

ಜಗಳ ಆದದ್ದು ಚೊಂಬಿನ ಸೀನಿಗೆ. ಸರ್ಜನ್ನರು ಮುತ್ತಾತನ ಕಥೆಯಲ್ಲಿಲ್ಲದ ಒಂದು ಸೀನು ಬರೆದಿದ್ದರು. ಕಟ್ಟೆಯ ಹತ್ತಿರ ಮೊದಲ ಸಂಜೆ ಮೂವರೂ ಸೇರಿದಾಗ, ಕೈಬಿಡುವುದಿಲ್ಲ ಎಂದು ಆಣೆ ಇಟ್ಟುಕೊಂಡು ಒಂದೇ ಚೊಂಬಿನಿಂದ ನೀರು ಕುಡಿಯುವುದು. ನಾವು ಕುಡಿಯುವ ಹಾಗೆ ಎತ್ತಿ ಸುರಿದುಕೊಂಡಲ್ಲ, ತುಟಿ ಹಚ್ಚಿ, ಎಂಜಲು ಮಾಡಿ. ವೆರಿಬೀ ಡಾಕ್ಟರಿಗೆ ಅದು ಆಗಲಿಲ್ಲ.

"ಲೋ, ನಿಮ್ಮ ಮುತ್ತಾತ ಹೇಳಿದ್ದು ಬರದವನ ಮನೆಗೆ ಹೋಗೋದು. ಅದು ಸಾಲ್ದಾ? ಕಾಲರಾ ಇರೋ ಊರಲ್ಲಿ ಡಾಕ್ಟರುಗಳೇ ಎಂಜಲು ನೀರು ಕುಡಿಯೋದನ್ನ ಮಕ್ಕಳಿಗೆ ತೋರಿಸ್ತೀಯಾ?"

"ನಾಟಕ ಕಣೋ ಇದು. ಪಂಡಿತ ಹಕೀಮನ ಕೈನೀರು ಮುಟ್ತಿರಲಿಲ್ಲ ಆಗ. ಈಗ ಕುಡಿದ ಅಂದ್ರೆ ಜನಕ್ಕೆ ಎದೆಗೆ ತಾಗುತ್ತೆ."

"ಎದೆಗಲ್ಲ, ಹೊಟ್ಟೆಗೆ ತಾಗುತ್ತೆ."

"ಜಿಪಿ ಬುದ್ಧಿ ಬಿಡಲ್ಲ ನೀನು."

"ಬೇರೆ ಹಕೀಮನ್ನ ನೋಡ್ಕೋ ಹಾಗಾದ್ರೆ" ಎಂದರು ವೆರಿಬೀ ಡಾಕ್ಟರು. ಟಿವಿ ಕಪ್ಪಾಯಿತು. ಸರ್ಜನ್ನರು ರಿಮೋಟು ಕೆಳಗಿಟ್ಟು, ಅವನ ಹೆಸರು ಇನ್ನು ಈ ಮನೆಯಲ್ಲಿ ಬೇಡ ಎಂದರು.

ಅವರ ಜಾಗಕ್ಕೆ ಹಲ್ಲಿನ ಡಾಕ್ಟರೊಬ್ಬರನ್ನು ತಂದರು. ಕಡ್ಡಿಯಂಥ ಮನುಷ್ಯ. ಹಸಿರು ಕೋಟನ್ನು ಪೂರ್ತಿ ಒಳಗೆ ಹಿಡಿಯಬೇಕಾಯಿತು. ಮಿಕ್ಕ ಬಟ್ಟೆ ಕತ್ತರಿಸಿದ್ದರೆ ಪಕ್ಕದ ಹೊಲಿಗೆ ತೆಳ್ಳಗೆ ಕೂರುತ್ತಿತ್ತು. ನಾನು ಕತ್ತರಿಸಲಿಲ್ಲ, ಒಳಗೇ ಮಡಿಸಿ ಹೊಲಿದೆ. ಅದರಲ್ಲಿ ದೊಡ್ಡ ಯೋಚನೆಯೇನೂ ಇಲ್ಲ. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವುದು ನನಗೆ ಆಗುವುದಿಲ್ಲ.

ಸರ್ಜನ್ನರ ಕೋಟಿನ ಅಳತೆ ನೋಡುವಾಗ ಮಕ್ಕಳ ಡಾಕ್ಟರಮ್ಮ ನನಗೆ ಒಂದು ಮಾತು ಹೇಳಿದ್ದರು. ಸರ್ಜನ್ನರ ಕಿಡ್ನಿ ಬಹಳ ಸೋತಿದೆ. ಡಯಾಲಿಸಿಸ್ ಇನ್ನೂ ಬಂದಿಲ್ಲ, ಅಂಚಿನಲ್ಲಿದ್ದಾರೆ. ಅದು ಶುರುವಾದರೆ ಊರು ಬಿಟ್ಟು ಹೋಗುವುದು ಕಷ್ಟ. ಅದಕ್ಕೇ ಮೆಲ್ಬರ್ನಿನವರು ಕರೆದಾಗ ಈ ಒಂದು ಸಲ ಆಡಿಯೇ ಬಿಡಬೇಕು ಎಂದು ಹಠ. ಮೈಯಲ್ಲಿ ನೀರು ಕಡಿಮೆಯಾದರೆ ಮಾತ್ರ ಕಿಡ್ನಿ ಕೈಕೊಡುತ್ತದೆ, ಅದೊಂದೇ ಭಯ ಎಂದರು. ಅವರ ಕೈಯಲ್ಲಿ ಸದಾ ನೀರಿನ ಬಾಟಲು ಯಾಕಿರುತ್ತದೆ ಎಂದು ನನಗೆ ಆಗ ತಿಳಿಯಿತು.

ಹೊರಡುವ ಹಿಂದಿನ ದಿನ ವೇಷ ಹಾಕಿಕೊಂಡೇ ಕೊನೆಯ ರಿಹರ್ಸಲ್ ಮಾಡಿದರು. ಚೊಂಬಿಗೆ ನಿಜವಾದ ನೀರು ಬಿತ್ತು. ಮೊದಲು ಕಣ್ಣಿನ ಡಾಕ್ಟರು ಕುಡಿದರು, ಆಮೇಲೆ ಹಲ್ಲಿನ ಡಾಕ್ಟರು, ಕೊನೆಗೆ ಸರ್ಜನ್ನರು. ಸರಿಯಾಗಿ ಬರಲಿಲ್ಲವೆಂದು ಮತ್ತೆ ಕುಡಿದರು. ಕಣ್ಣಿನ ಡಾಕ್ಟರ ಮನೆಯಲ್ಲಿ ಆ ವಾರ ಮೊಮ್ಮಗನಿಗೆ ಚೈಲ್ಡ್‌ಕೇರ್‌ನಿಂದ ಗ್ಯಾಸ್ಟ್ರೋ, ಒಬ್ಬರಿಂದೊಬ್ಬರಿಗೆ ಅಂಟುವ ವಾಂತಿಭೇದಿ, ಬಂದಿತ್ತು. ಅದನ್ನು ಅವರೇ ಕಾಫಿ ಕುಡಿಯುತ್ತಾ ಹೇಳಿದರು. ಮೂವರು ಡಾಕ್ಟರುಗಳು ಕೇಳಿಸಿಕೊಂಡರು, ಪಾಪ ಮಗು ಎಂದರು. ಯಾರಿಗೂ ಚೊಂಬು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ನಾನು ಪೇಟ ಜಾರುವುದನ್ನು ನೋಡುತ್ತಿದ್ದೆ.

ಶುಕ್ರವಾರ ಬೆಳಕು ಹರಿಯುವ ಮುಂಚೆ ವ್ಯಾನಿನಲ್ಲಿ ಹೊರಟೆವು. ವೇಷದ ಟ್ರಂಕು, ಇಸ್ತ್ರಿ ಪೆಟ್ಟಿಗೆ, ನನ್ನ ಸಣ್ಣ ಮಷಿನ್ನು ಹಿಂದೆ. ವೆರಿಬೀಯಲ್ಲಿ ನಮಗೆ ಕೊಟ್ಟದ್ದು ಇಂಡಿಯಾಕ್ಕೆ ಹೋಗಿದ್ದ ಯಾರದೋ ಮನೆ. ಎರಡು ಬಾತ್‌ರೂಮು, ಬೆಳ್ಳಗಿನ ಕಾರ್ಪೆಟ್ಟು. ಮಿಕ್ಕ ಪಾತ್ರದವರು ಮೆಲ್ಬರ್ನಿನವರೇ, ಅವರವರ ಮನೆಯಲ್ಲಿದ್ದರು. ಈ ಮನೆಯಲ್ಲಿ ನಾವು ಐದು ಜನ. ಕಣ್ಣಿನ ಡಾಕ್ಟರು ವ್ಯಾನಿಂದ ಇಳಿದು ಚಪ್ಪಲಿ ಬಿಡುವಷ್ಟರಲ್ಲೇ ಬಾತ್‌ರೂಮಿಗೆ ಓಡಿದರು. ಕಾರಿನ ಓಡಾಟ ಅವರಿಗೆ ಆಗುವುದಿಲ್ಲ ಎಂದುಕೊಂಡೆವು. ಅದು ನಿಲ್ಲಲಿಲ್ಲ.

ಶನಿವಾರ ಬೆಳಗ್ಗೆ ಹಲ್ಲಿನ ಡಾಕ್ಟರೂ ಮಲಗಿದರು. ಮಕ್ಕಳ ಡಾಕ್ಟರಮ್ಮ ತಕ್ಷಣ ಕೆಲಸ ಹಂಚಿದರು. ಒಂದು ಬಾತ್‌ರೂಮು ಕಾಯಿಲೆಯವರಿಗೆ, ಇನ್ನೊಂದು ಚೆನ್ನಾಗಿರುವವರಿಗೆ. ಸ್ಯಾನಿಟೈಸರ್ ಇದಕ್ಕೆ ಸಾಲದು, ಬ್ಲೀಚ್ ಬೇಕು ಎಂದರು. ಹತ್ತಿರದ ಫಾರ್ಮಸಿಯಿಂದ ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣ ತಂದರು, ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಬೇಕು, ಲೋಟ ಎತ್ತಿ ಗಟಗಟ ಕುಡಿದರೆ ವಾಪಸು ಬರುತ್ತದೆ. ಯಾರ ಕಪ್ಪು ಯಾರದು ಎಂದು ಗೊಂದಲವಾಗಬಾರದೆಂದು ನಾನು ಒಂದೊಂದರ ಹಿಡಿಗೆ ಒಂದೊಂದು ಬಣ್ಣದ ದಾರ ಕಟ್ಟಿದೆ. ಕಣ್ಣಿನ ಡಾಕ್ಟರಿಗೆ ಹಳದಿ, ಹಲ್ಲಿನ ಡಾಕ್ಟರಿಗೆ ಹಸಿರು.

ಸರ್ಜನ್ನರು ತಮಗೇನೂ ಆಗಿಲ್ಲ ಎಂದರು. ಕೋಟು ತನ್ನಿ, ತೋಳು ಒಂದು ಚೂರು ಉದ್ದ ಇದೆ, ನೋಡಿಬಿಡೋಣ ಎಂದರು. ಕೋಟು ಹಾಕಿ ನಿಲ್ಲಿಸಿ ಮುಂಗೈಗೆ ಪಿನ್ನು ಚುಚ್ಚುತ್ತಿದ್ದೆ. ಕೈ ತಣ್ಣಗಿತ್ತು. ಹಣೆಯಲ್ಲಿ ಬೆವರು. ನಾನು ತಲೆ ಎತ್ತುವ ಹೊತ್ತಿಗೆ ಅವರು ನನ್ನನ್ನು ಪಕ್ಕಕ್ಕೆ ಸರಿಸಿದರು, ಆದರೆ ಬಾತ್‌ರೂಮು ಮುಟ್ಟಲಿಲ್ಲ. ಎಲ್ಲ ಕೋಟಿನ ಮೇಲೆ.

ಕೋಟು ಬಿಚ್ಚಿಸಿ, ಮೈ ಒರೆಸಿ ಮಲಗಿಸಿದೆವು. ಅವರ ಕಪ್ಪಿಗೆ ಕೆಂಪು ದಾರ ಕಟ್ಟಿದೆ. ಕುಡಿದದ್ದು ಕುಡಿದ ಹಾಗೇ ಹೊರಗೆ ಬರುತ್ತಿತ್ತು. ಮಧ್ಯಾಹ್ನ ತಿರುಗಿದರೂ ಬಾಯಲ್ಲಿ ಒಂದೇ ಮಾತು, ನಾಳೆ ಅಷ್ಟು ಹೊತ್ತಿಗೆ ಸರಿಹೋಗುತ್ತೇನೆ, ಯಾರಿಗೂ ಫೋನ್ ಮಾಡಬೇಡಿ. ಮಕ್ಕಳ ಡಾಕ್ಟರಮ್ಮ ಯೂರಿನ್ ಆಯಿತೇ ಎಂದು ಕೇಳಿದರು. ಆಯಿತು ಎಂದರು ಅವರು. ಆಸ್ಪತ್ರೆಗೆ ಹೋಗೋಣವೇ ಸರ್ ಎಂದರು ಆಕೆ. ಬೇಡ, ನನಗೆ ಗೊತ್ತು ಎಂದರು ಅವರು. "ಸರಿ ಸರ್" ಎಂದು ಆಕೆ ಅಡುಗೆಮನೆಗೆ ಬಂದು, ಸಿಂಕಿನ ಅಂಚು ಹಿಡಿದು ನಿಂತರು.

"ಸುಳ್ಳು ಹೇಳ್ತಿದಾರೆ ರೀ. ಬೆಳಗ್ಗಿಂದ ಹೋಗಿಲ್ಲ. ಡ್ರಿಪ್ ಹಾಕಲೇಬೇಕು."

"ಹೇಳಿ ಮತ್ತೆ."

"ಹೇಗ್ರೀ ಹೇಳ್ಲಿ? ನನ್ನ ಸೀನಿಯರ್ ಅವರು."

ಆಕೆಗೆ ಎಪ್ಪತ್ತು ದಾಟಿದೆ. ಈ ದೇಶದಲ್ಲಿ ದೊಡ್ಡ ಆಸ್ಪತ್ರೆಯ ಒಂದು ವಿಭಾಗವನ್ನೇ ನಡೆಸಿದವರು. ಈಗಲೂ ಸರ್ಜನ್ನರು ರೂಮಿಗೆ ಬಂದರೆ ಕುರ್ಚಿಯಿಂದ ಏಳುತ್ತಾರೆ. ಕಾಲೇಜಿನಲ್ಲಿ ಒಂದು ವರ್ಷ ಮುಂದಿದ್ದವರು ಸಾಯುವವರೆಗೂ ಸರ್. ಕಣ್ಣಿನ ಡಾಕ್ಟರೂ ಜೂನಿಯರ್, ಹಲ್ಲಿನ ಡಾಕ್ಟರಂತೂ ಇನ್ನೂ ಕೆಳಗೆ. ಅವರಿಬ್ಬರೂ ಮಲಗಿದ ಕಡೆಯಿಂದಲೇ, ಸರ್ ಹೇಗಿದ್ದಾರೆ ಎಂದು ಕೇಳುತ್ತಿದ್ದರು, ಅಷ್ಟೇ. ಆಂಬ್ಯುಲೆನ್ಸ್ ಕರೆಯಬಹುದಿತ್ತು. ಆದರೆ ಎಚ್ಚರವಿರುವ ಮನುಷ್ಯ, ಅದರಲ್ಲೂ ಸ್ವತಃ ಡಾಕ್ಟರು, ಬರುವುದಿಲ್ಲ ಎಂದರೆ ಅವರು ಎತ್ತಿಕೊಂಡು ಹೋಗುತ್ತಾರೆಯೇ?

ಈ ಲೋಕದಲ್ಲಿ ಸರ್ಜನ್ನರನ್ನು ಲೋ ಎನ್ನುವವರು ಒಬ್ಬರೇ ಇದ್ದರು. ಅವರ ನಂಬರು ನನ್ನ ಫೋನಿನಲ್ಲಿತ್ತು, ಹೊಟ್ಟೆಯ ಅಳತೆಯ ಜೊತೆಗೆ.

ಹಿಂದೆಮುಂದೆ ನೋಡದೆ ಫೋನ್ ಮಾಡಿದೆ ಎಂದರೆ ಸುಳ್ಳಾಗುತ್ತದೆ. ನೋಡಿದೆ. ಅವರು ಬಂದರೆ ನಾಟಕ ನಿಲ್ಲುತ್ತದೆ ಎಂದು ಗೊತ್ತಿತ್ತು. ನಾನು ಕಣ್ಣು ನೋಯಿಸಿಕೊಂಡು ಹಾಕಿದ ಹೊಲಿಗೆಯೆಲ್ಲ ಟ್ರಂಕಿನಲ್ಲೇ ಉಳಿಯುತ್ತದೆ. ಸರ್ಜನ್ನರು ಎದ್ದಮೇಲೆ ನನ್ನನ್ನು ಮತ್ತೆ ಕರೆಯುವುದಿಲ್ಲ. ಇಸ್ತ್ರಿ ಆಫ್ ಮಾಡಿದೆ, ಹಿತ್ತಲಿಗೆ ಹೋದೆ, ಫೋನ್ ಮಾಡಿದೆ.

"ಡಾಕ್ಟ್ರೇ, ನಾನು ಕೋಟು ಹೊಲಿದವಳು. ನಿಮ್ಮ ಸ್ನೇಹಿತರಿಗೆ ವಾಂತಿಭೇದಿ. ಬೆಳಗ್ಗಿಂದ ಒಂದಕ್ಕೆ ಹೋಗಿಲ್ಲ. ಯಾರ ಮಾತೂ ಕೇಳ್ತಿಲ್ಲ."

ಅವರು ಜಗಳದ ಮಾತು ಎತ್ತಲಿಲ್ಲ. ಮನೆ ಯಾವ ಬೀದಿ ಎಂದು ಮಾತ್ರ ಕೇಳಿದರು.

ಬಂದಾಗ ಮಾಸ್ಕು, ಕೈಗವಸು, ಕಾಲಿಗೆ ಪ್ಲಾಸ್ಟಿಕ್ ಚೀಲ. ಮೊದಲು ನೋಡಿದ್ದು ಮನುಷ್ಯನನ್ನಲ್ಲ, ಬಕೆಟ್ಟನ್ನು. ಆಮೇಲೆ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡರು.

"ಏನೋ, ತಾಗಿತಾ ಹೊಟ್ಟೆಗೆ?"

ಸರ್ಜನ್ನರು ಕಣ್ಣು ಬಿಟ್ಟರು. "ನಿನ್ನ ಯಾರು ಕರೆದ್ರು?"

"ಟೈಲರಮ್ಮ. ನಾಲಿಗೆ ತೋರ್ಸು."

"ನಾಳೆ ಶೋ ಇದೆ. ನೀನು ಹೋಗು."

"ನಾಳೆ ಶೋ ಇಲ್ಲ. ನಿನಗೆ ವಾಸಿಯಾದ್ರೂ ಇಲ್ಲ, ಆಗ್ದಿದ್ರೂ ಇಲ್ಲ. ಆ ಹಾಲ್‌ನಲ್ಲಿ ಮುದುಕರು ಮಕ್ಕಳು ಎಲ್ಲ ಬರ್ತಾರೆ. ಯೂರಿನ್ ಆಯ್ತಾ?"

"ಆಯ್ತು."

"ಆ ಹುಡುಗಿಗೆ ಹೇಳಿದ ಸುಳ್ಳು ನನಗೆ ಹೇಳ್ಬೇಡ."

ಹುಡುಗಿ ಎಂದದ್ದು ಬಾಗಿಲಲ್ಲಿ ನಿಂತಿದ್ದ ಮಕ್ಕಳ ಡಾಕ್ಟರಮ್ಮನಿಗೆ. ಆಕೆ ತಲೆ ತಗ್ಗಿಸಿದರು. ಸರ್ಜನ್ನರು ಗೋಡೆಯ ಕಡೆ ತಿರುಗಿದರು. ವೆರಿಬೀ ಡಾಕ್ಟರು ಏಳಲಿಲ್ಲ.

"ಕಟ್ಟೆ ಹತ್ರ ಬರದವನ ಮನೆಗೆ ಹೋಗ್ಬೇಕು ಅಂತ ಬರೆದವನು ನೀನೇ ಅಲ್ವೇನೋ? ಬಂದಿದೀನಿ. ಕೈ ಕೊಡು."

ಗೋಡೆಯ ಕಡೆ ತಿರುಗಿದ್ದ ಹಾಗೆಯೇ ಸರ್ಜನ್ನರು ಒಂದು ಕೈ ಹಿಂದಕ್ಕೆ ಚಾಚಿದರು. ವೆರಿಬೀ ಡಾಕ್ಟರು ನಾಡಿ ಹಿಡಿದು, ಇನ್ನೊಂದು ಕೈಯಿಂದ ಫೋನ್ ತೆಗೆದು ಮಕ್ಕಳ ಡಾಕ್ಟರಮ್ಮನಿಗೆ ಕೊಟ್ಟರು. ಆಂಬ್ಯುಲೆನ್ಸಿಗೆ ಆಕೆಯೇ ಮಾತಾಡಿದರು. ಬಿಪಿ, ಕಿಡ್ನಿ, ಮಾತ್ರೆಗಳ ಹೆಸರು, ಎಲ್ಲ ಒಂದೇ ಉಸಿರಿಗೆ. ಮಾತು ಸರ್ ಜೊತೆಗಲ್ಲದಿದ್ದರೆ ಆಕೆಯ ದನಿಯೇ ಬೇರೆ.

ಸ್ಟ್ರೆಚರಿನಲ್ಲಿ ಹೋಗುವಾಗ ಸರ್ಜನ್ನರು ನನ್ನನ್ನು ನೋಡಿದರು. ಕೋಪ ಎಂದೇ ನಾನು ಅಂದುಕೊಂಡೆ.

ನಾಟಕಕ್ಕೆ ನಮ್ಮನ್ನು ಕರೆದಿದ್ದ ಮೆಲ್ಬರ್ನಿನ ಕನ್ನಡ ಸಂಘದ ಸೆಕ್ರೆಟರಿಗೆ ಫೋನ್ ಮಾಡಿದವರೂ ವೆರಿಬೀ ಡಾಕ್ಟರೇ. ಆ ಕಡೆಯಿಂದ ಬಹಳ ಗೋಗರೆದರು. ಹಾಲು ಬುಕ್ ಆಗಿದೆ, ಊಟ ಹೇಳಿಯಾಗಿದೆ, ಕಾಯಿಲೆಯಿಲ್ಲದವರನ್ನಾದರೂ ಕಳಿಸಿ, ಒಂದೆರಡು ಸೀನು ಮಾಡಲಿ ಎಂದರಂತೆ. ಈ ಮನೆಯಿಂದ ಒಬ್ಬರೂ ಬರುವುದಿಲ್ಲ, ಗ್ಯಾಸ್ಟ್ರೋ ಎಂದು ಜನಕ್ಕೆ ನೇರವಾಗಿ ಹೇಳಿ ಎಂದರು ಇವರು. ಸಂಘದವರು ತಾಂತ್ರಿಕ ಕಾರಣ ಎಂದು ಮೆಸೇಜ್ ಕಳಿಸಿದರು. ದೃಷ್ಟಿ, ಊಟ ಎಂಬ ಕಥೆಗಳೆಲ್ಲ ಹುಟ್ಟಿದ್ದು ಆಮೇಲೆ.

ವೆರಿಬೀ ಡಾಕ್ಟರು ಮನೆಗೆ ಹೋಗಲಿಲ್ಲ. ಬಟ್ಟೆಗಂಟಿಕೊಂಡು ಹೆಂಡತಿಗೆ ಹತ್ತುತ್ತದೆ ಎಂದು ಹಾಲಿನ ಸೋಫಾದ ಮೇಲೇ ಉಳಿದರು. ಆಕೆ ಗಂಜಿ, ನಿಂಬೆಕಾಯಿ, ಇವರ ಬಟ್ಟೆ ತಂದು ಬಾಗಿಲ ಮುಂದಿಟ್ಟು ಹೋಗುತ್ತಿದ್ದರು. ಇವರು, ಮಕ್ಕಳ ಡಾಕ್ಟರಮ್ಮ, ನಾನು ಸರದಿ ಹಾಕಿಕೊಂಡೆವು. ಚಮಚ ಹಿಡಿಯುವುದು ಒಬ್ಬರು, ಬಾತ್‌ರೂಮು ಒಬ್ಬರು, ಬಟ್ಟೆ ಒಬ್ಬರು. ಬಾತ್‌ರೂಮಿನ ಸರದಿ ನನಗೆ ಬಂದಾಗಲೆಲ್ಲ ವೆರಿಬೀ ಡಾಕ್ಟರು ಮುಂಚೆಯೇ ಒಳಗಿರುತ್ತಿದ್ದರು. ಬಿಡಿ ಡಾಕ್ಟ್ರೇ ಎಂದರೆ, ನಿಮ್ಮ ಮಂಡಿ ಬಗ್ಗುವುದಿಲ್ಲ, ನೆಲದ ಮೂಲೆ ನಿಮಗೆ ಸಿಗುವುದಿಲ್ಲ ಎಂದರು. ಅವರ ಮಂಡಿಯೂ ಬಗ್ಗುತ್ತಿರಲಿಲ್ಲ. ಬಾತ್‌ಟಬ್ಬಿನ ಅಂಚು ಹಿಡಿದು ಉಸ್ಸೆನ್ನುತ್ತಾ ಇಳಿಯುತ್ತಿದ್ದರು, ಹೊಟ್ಟೆ ಅಡ್ಡ ಬರುತ್ತಿತ್ತು. ಜೂನಿಯರುಗಳ ವಾಂತಿ ಒರೆಸುತ್ತಾ ಅವರ ಕಾಲೇಜಿನ ಪುಕ್ಕಲುತನವನ್ನೆಲ್ಲ ಎತ್ತಿ ಆಡುತ್ತಿದ್ದರು. ಹಲ್ಲಿನ ಡಾಕ್ಟರಿಗಂತೂ, ಹಲ್ಲಿಂದ ಕೆಳಗೆ ದೇಹ ಇದೆ ಅಂತ ಈಗಲಾದರೂ ಗೊತ್ತಾಯಿತಾ ಎಂದು ಕೇಳಿದರು. ಆ ಮನುಷ್ಯ ನಗಲು ಹೋಗಿ ಮತ್ತೆ ಬಕೆಟ್ ಕೇಳಿದ.

ಕೋಟಿನ ಗತಿ ಹೇಳಬೇಕು. ಎಸೆದುಬಿಡಿ ಎಂದರು ಮಕ್ಕಳ ಡಾಕ್ಟರಮ್ಮ. ಎಸೆಯಲು ನನಗೆ ಮನಸ್ಸಾಗಲಿಲ್ಲ. ಬ್ಲೀಚ್ ಹಾಕಿದ ನೀರಿನಲ್ಲಿ ನೆನೆಸಿ, ವಾಷಿಂಗ್ ಮಷಿನ್ನಿನಲ್ಲಿ ಅತಿ ಬಿಸಿಯಲ್ಲಿ ಹಾಕಿದೆ. ಆಗುವುದೆಲ್ಲ ಆಯಿತು. ಕಪ್ಪು ಹೋಗಿ ನಶ್ಯದ ಬಣ್ಣಕ್ಕೆ ಬಂತು. ಒಳಗಿನ ಅಸ್ತರು ಬೇರೆ ಅಳತೆಗೆ ಕುಗ್ಗಿತು, ಮೇಲಿನ ಬಟ್ಟೆ ಬೇರೆ ಅಳತೆಗೆ. ಕಾಲರಿನ ಬಖ್ರಮ್ಮು ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಅದನ್ನು ಹಗ್ಗಕ್ಕೆ ಹಾಕಿ ಹಿತ್ತಲಲ್ಲಿ ನಿಂತು ಬೈದೆ. ಯಾರನ್ನು ಎಂದು ಕೇಳಬೇಡಿ, ಎಲ್ಲರನ್ನೂ. ಚೊಂಬನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿದೆ.

ಎರಡು ದಿನ ಕಳೆದು ಕಣ್ಣಿನ ಡಾಕ್ಟರು ಎದ್ದು ಗಂಜಿ ಕುಡಿದರು, ಹಲ್ಲಿನ ಡಾಕ್ಟರೂ ಗೋಡೆ ಹಿಡಿದು ಓಡಾಡಿದರು. ಅಷ್ಟರಲ್ಲಿ ವೆರಿಬೀ ಡಾಕ್ಟರು ಬಿದ್ದರು. ಬೆಳಗ್ಗೆ ಬಾತ್‌ರೂಮು ತೊಳೆದು ಬಂದವರು ಸೋಫಾದ ಮೇಲೆ ಕೂತು, ಅಮ್ಮ, ಇನ್ನೊಂದು ಕಪ್ಪಿಗೆ ದಾರ ಕಟ್ಟಿ ಎಂದರು. ನೀಲಿ ಕಟ್ಟಿದೆ.

ಅದೇ ದಿನ ಆಸ್ಪತ್ರೆಯವರು ಸರ್ಜನ್ನರನ್ನು ಬಿಟ್ಟರು. ಡ್ರಿಪ್ಪಿನಲ್ಲಿ ಕಿಡ್ನಿ ತಿರುಗಿಕೊಂಡಿತ್ತು. ಮುಂಚೆ ಎಷ್ಟಿತ್ತೋ ಅಷ್ಟೇ ಇದೆ, ಮರುದಿನ ಬೆಳಗ್ಗೆಯವರೆಗೆ ತಡವಾಗಿದ್ದರೆ ಮಾತು ಬೇರೆ ಎಂದರಂತೆ ಅಲ್ಲಿನವರು. ಸಿಡ್ನಿಯಿಂದ ಮಗ ಫೋನ್ ಮಾಡಿ ನೇರ ಏರ್‌ಪೋರ್ಟಿಗೆ ಬನ್ನಿ, ಟಿಕೆಟ್ ಬುಕ್ ಮಾಡಿದ್ದೇನೆ ಎಂದ. ಸರ್ಜನ್ನರು ಟ್ಯಾಕ್ಸಿಯಲ್ಲಿ ಈ ಮನೆಗೆ ಬಂದರು. ಬಾಗಿಲಲ್ಲಿ ನನ್ನನ್ನು ನೋಡಿ ನಿಂತರು.

"ಅವನಿಗೂ ಆಗಿದೆಯಂತೆ?"

"ಹೌದು."

"ಎಲ್ಲಿ?"

ಸೋಫಾ ತೋರಿಸಿದೆ. ಕೈ ತೊಳೆದು ಬಂದು ಸ್ಟೂಲು ಎಳೆದುಕೊಂಡರು. ಕಂಕುಳಲ್ಲಿ ಆಸ್ಪತ್ರೆಯ ಚೀಲ ಹಾಗೇ ಇತ್ತು. ನೀಲಿ ದಾರದ ಕಪ್ಪು ತೆಗೆದುಕೊಂಡು ಚಮಚ ಅದ್ದಿ ಕುಡಿಸಲು ಹೋದರು. ಅರ್ಧ ವೆರಿಬೀ ಡಾಕ್ಟರ ಗಲ್ಲದ ಮೇಲೆ ಬಿತ್ತು.

"ಸರ್ಜನ್ ಕೈ ನೋಡು" ಎಂದರು ಮಲಗಿದವರು ಕಣ್ಣು ಮುಚ್ಚಿಕೊಂಡೇ. "ಹೋಗೋ, ಮತ್ತೆ ಹತ್ತಿಸ್ಕೋತೀಯ."

"ನನಗೆ ಈಗಷ್ಟೇ ಆಗಿದೆ, ಮತ್ತೆ ಹತ್ತಲ್ಲ. ಬಾಯಿ ತೆಗಿ."

ಮಕ್ಕಳ ಡಾಕ್ಟರಮ್ಮ ಬ್ಲೀಚ್ ಬಾಟಲು ಹಿಡಿದು ಬಂದವರು ಅಲ್ಲೇ ನಿಂತರು. ಆಮೇಲೆ ಆಕೆ ಹೇಳಿದ ಮಾತು ಕೇಳಿ ನನಗೆ ಆಶ್ಚರ್ಯವಾಯಿತು. "ಸರ್, ನೀವು ಕೂತು ಕುಡಿಸಿ, ಬೇಡ ಅನ್ನಲ್ಲ. ಆದರೆ ಗಂಟೆಗೊಂದು ಸಲ ನಿಮ್ಮ ಕೆಂಪು ಕಪ್ಪು ನನ್ನ ಮುಂದೆ ಖಾಲಿ ಮಾಡ್ಬೇಕು. ಯೂರಿನ್ ಆದ್ರೆ ನನಗೆ ಹೇಳ್ಬೇಕು, ಸುಳ್ಳು ಬೇಡ." ಸರ್ಜನ್ನರು ತಲೆಯಾಡಿಸಿದರು. ವೆರಿಬೀ ಡಾಕ್ಟರ ಹೊಟ್ಟೆ ಅಲುಗಿತು, ನಗುತ್ತಿದ್ದರು.

ಸಂಜೆಯವರೆಗೆ ಸರ್ಜನ್ನರು ಸ್ಟೂಲು ಬಿಟ್ಟು ಏಳಲಿಲ್ಲ. ನಾನು ಪಕ್ಕದ ಮೇಜಿನ ಮೇಲೆ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುತ್ತಿದ್ದೆ. ಚಮಚ ಕಪ್ಪಿಗೆ ತಾಗುವ ಸದ್ದು ಕೇಳುತ್ತಿತ್ತು.

"ಚೊಂಬು ತೆಗೀತೀನಿ ಕಣೋ" ಎಂದರು ಸರ್ಜನ್ನರು ಕೊನೆಗೆ.

"ಚೊಂಬು ಇರ್ಲಿ. ಮೂರು ಇಡು. ಅವರವರ ಚೊಂಬಲ್ಲಿ ಅವರವರು ಕುಡೀಲಿ."

"ಒಗ್ಗಟ್ಟು ಎಲ್ಲಿ ಕಾಣುತ್ತೆ ಆಗ?"

"ಕಾಣದಿದ್ರೆ ಬೇಡ. ಜನ ಬದುಕಿರ್ತಾರಲ್ಲ."

ಸರ್ಜನ್ನರು ಇನ್ನೊಂದು ಚಮಚ ಕೊಟ್ಟು, ಲಿವರ್‌ಪೂಲ್‌ನಲ್ಲೇ ಆಡೋಣ, ದೊಡ್ಡ ಹಾಲು ಬೇಡ, ಡಯಾಲಿಸಿಸ್ ಶುರುವಾದರೂ ಅಲ್ಲಾದರೆ ನಾನು ನಿಲ್ಲಬಲ್ಲೆ ಎಂದರು. ನೀನು ಬಸ್ಸೋ ಪ್ಲೇನೋ ಹತ್ತಿ ಬರಬೇಕು, ಟಿವಿಯಲ್ಲಿ ಬಂದರೆ ಆಫ್ ಮಾಡುತ್ತೇನೆ ಎಂದರು.

"ಹಕೀಮ ಯಾರು?"

ಒಳಗಿನ ರೂಮಿನಿಂದ ಹಲ್ಲಿನ ಡಾಕ್ಟರ ದನಿ ಬಂತು, ಸಣ್ಣಗೆ. "ಸರ್, ನನಗೆ ಸಾಕಾಗಿದೆ ಸರ್."

ಸರ್ಜನ್ನರು ಸ್ಟೂಲಿನ ಮೇಲೆ ನನ್ನ ಕಡೆ ತಿರುಗಿದರು. ಫೋನ್ ಮಾಡಿದ ಮಾತನ್ನು ಎತ್ತುತ್ತಾರೇನೋ ಎಂದು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದೆ. ಅವರು ಎತ್ತಲಿಲ್ಲ. "ಅಮ್ಮ, ಇವನ ಹಸಿರು ಕೋಟು?" ಎಂದರು.

"ಚಿಕ್ಕದು ಮಾಡಿಬಿಟ್ಟಿದೀನಿ. ಬೆಳಗ್ಗೆ ನೋಡ್ತೀನಿ" ಎಂದೆ.

ಮಾರನೆಯ ಬೆಳಗ್ಗೆ ಕಾಫಿ ಕುಡಿದು, ಅಡುಗೆಮನೆಯ ಕಿಟಕಿಯ ಹತ್ತಿರ ಬೆಳಕಿಗೆ ಕೂತು, ಸಣ್ಣ ಕತ್ತರಿಯ ತುದಿಯಿಂದ ಹಸಿರು ಕೋಟಿನ ಎರಡೂ ಪಕ್ಕದ ಹೊಲಿಗೆ ಬಿಚ್ಚಿದೆ. ಒಳಗೆ ಮಡಿಸಿಟ್ಟಿದ್ದ ಬಟ್ಟೆ ಇದ್ದ ಹಾಗೇ ಇತ್ತು. ಹಾಲಿನಿಂದ ವೆರಿಬೀ ಡಾಕ್ಟರು ಕೂಗಿ, ಹೊಟ್ಟೆ ಇಳಿದುಹೋಗಿದೆ ಅಮ್ಮ, ಹೊಸದಾಗಿ ಅಳತೆ ತಗೊಳ್ಳಿ ಎಂದರು. ನಾನು ಎದ್ದು ಹೋಗಲಿಲ್ಲ. ಫೋನಿನಲ್ಲಿದ್ದ ಹಳೆಯ ಅಳತೆಯನ್ನೇ ತೆಗೆದು ನೋಡಿ, ಕೋಟನ್ನು ಮಷಿನ್ನಿಗೆ ಹಾಕಿ ಹೊಲಿದೆ.